ಮಾವನ ಮುಂದೆ ಮಾತು

ಎರಡೂವರೆ ವರ್ಷ ತುಂಬಿದರೂ ನನ್ನ ಮಗಳು ಒಂದು ಮಾತು ಆಡಿರಲಿಲ್ಲ. ಅವಳ ಅಳುವಿಗೆ ಧ್ವನಿ ಇತ್ತು, ನಗುವಿಗೂ ಇತ್ತು. 'ಅಮ್ಮ' ಎಂಬ ಎರಡಕ್ಷರ ಮಾತ್ರ ಬಾಯಿಂದ ಹೊರಡಲಿಲ್ಲ. ಇದು ಎಪ್ಪತ್ತರ ದಶಕದ ನಡುವಿನ ಮಾತು, ಕುರುಗೋಡಿನಲ್ಲಿದ್ದ ನನ್ನ ಗಂಡನ ಮನೆಯದು. ಕೂಸು ಮೂಗಿಯೇನೋ ಎಂದು ಓಣಿಯವರು ನಮ್ಮ ಮುಂದೆ ಅನ್ನುತ್ತಿರಲಿಲ್ಲ, ನಾವು ಬೆನ್ನು ತಿರುಗಿಸಿದ ಮೇಲೆ ಅನ್ನುತ್ತಿದ್ದರು. ಅದೆಲ್ಲ ನನಗೆ ಕೇಳಿಸುತ್ತಿತ್ತು. ಆ ಮನೆಯಲ್ಲಿ ನನ್ನ ಕಿವಿಗೆ ಇದ್ದಷ್ಟು ಕೆಲಸ ಬಾಯಿಗೆ ಇರಲಿಲ್ಲ.

ಹುಟ್ಟಿನಿಂದ ನಾನು ಹಾಗಿದ್ದವಳಲ್ಲ. ನನ್ನ ತವರು ಸಿರುಗುಪ್ಪ. ಅಲ್ಲಿ ನಾನು ಹೆಸರಾದ ಬಾಯಿಬಡುಕಿ. ಮಾತಿಗೆ ಕುಳಿತರೆ ಅರಳು ಹುರಿದ ಹಾಗೆ. ನಮ್ಮಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ದಿನವಿಡೀ ಗಿರಣಿಯ ಸದ್ದು ಕೇಳಿ ಮನೆಗೆ ಬಂದವರು, "ಅಲ್ಲಿ ಮಷೀನು ಸಂಜಿಗಾದ್ರೂ ನಿಲ್ತೈತಿ, ಇಲ್ಲಿ ಅದೂ ಇಲ್ಲ" ಎಂದು ನನ್ನ ತಲೆಗೊಂದು ಮೊಟಕುತ್ತಿದ್ದರು. ಸಾಲಿಯಲ್ಲಿ ಪಕ್ಕದವಳ ಜೊತೆ ಮಾತಾಡುತ್ತೇನೆಂದು ನನ್ನನ್ನು ಒಬ್ಬಳನ್ನೇ ಕೂರಿಸಿದರು, ನಾನು ಗೋಡೆಯ ಜೊತೆ ಮಾತಾಡಿದೆ. ಹತ್ತನೆಯ ತರಗತಿ ಮುಗಿಸಿದ ಮೇಲೆ ಕುರುಗೋಡಿನ ಮೇಷ್ಟ್ರ ಮನೆಗೆ ಸೊಸೆಯಾಗಿ ಹೋಗುತ್ತೇನೆ ಎಂದಾಗ ಊರಿನ ಹೆಂಗಸರು ಮೇಷ್ಟ್ರ ಬಗ್ಗೆಯೇ ಮರುಕಪಟ್ಟರು.

ಆ ಮೇಷ್ಟ್ರು ನನ್ನ ಮಾವ. ಮೂವತ್ತು ವರ್ಷ ಸುತ್ತಲಿನ ಹಳ್ಳಿಗಳ ಪ್ರೈಮರಿ ಶಾಲೆಗಳಲ್ಲಿ ಪಾಠ ಹೇಳಿದವರು. ಎತ್ತರದ ಮನುಷ್ಯ, ಗಂಟೆ ಬಡಿದಂಥ ಧ್ವನಿ. ಕುರುಗೋಡಿನಲ್ಲಿ ಎಲ್ಲಿ ನೋಡಿದರೂ ಕಲ್ಲುಗುಡ್ಡ, ಅದಕ್ಕೇ ಜನ ಅವರ ಬಗ್ಗೆ 'ಈ ಕಲ್ಲಿಗೂ ಅಕ್ಷರ ಕಲಿಸ್ಯಾರು' ಎನ್ನುತ್ತಿದ್ದರು. ನನ್ನ ಮದುವೆಯಾದ ವರ್ಷವೇ ಅವರಿಗೆ ನಿವೃತ್ತಿಯಾಯಿತು. ಅಲ್ಲಿಂದ ಅವರು ಹಗಲೆಲ್ಲ ಪಡಸಾಲೆಯ ಕುರ್ಚಿಯಲ್ಲಿ ಕುಳಿತರು. ಪಡಸಾಲೆಗೆ ಅಂಟಿಕೊಂಡೇ ಅಡುಗೆಮನೆ, ನಡುವೆ ಒಂದು ಬಾಗಿಲು.

ಮೊದಲ ದಿನವೇ ಅತ್ತೆ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡು ಹೇಳಿದರು: "ನೋಡವಾ, ಮಾವನ ಕಿವಿಗೆ ಸೊಸಿ ಧ್ವನಿ ಬೀಳಬಾರದು. ನಾನೂ ಹಂಗ ಬಾಳೇ ಮಾಡೀನಿ, ನಮ್ಮತ್ತೀನೂ ಹಂಗ ಮಾಡ್ಯಾರ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಉಪ್ಪಿನ ಗಡಿಗೆ ಎಲ್ಲಿದೆ, ಬೇಳೆಯ ಡಬ್ಬಿ ಎಲ್ಲಿದೆ ಎಂದು ತೋರಿಸಿದ ಹಾಗೆಯೇ ಇದನ್ನೂ ತೋರಿಸಿದರು.

ಮಾತಿಗೆ ಬದಲು ಬೇರೆ ಏರ್ಪಾಡು ಇತ್ತು. ಬಾಗಿಲ ಚಿಲಕ ಒಂದು ಸಲ ಬಡಿದರೆ ಚಾ ಆಗಿದೆ ಎಂದು, ಎರಡು ಸಲ ಬಡಿದರೆ ಊಟ. ಮಾವ ಏನಾದರೂ ಕೇಳಿದರೆ ಬಾಗಿಲ ಮರೆಯಲ್ಲಿ ನಿಂತು ಬಳೆ ಒಂದು ಸಲ ಆಡಿಸಿದರೆ ಹೌದು, ಎರಡು ಸಲ ಆಡಿಸಿದರೆ ಇಲ್ಲ. ಹೌದು ಇಲ್ಲದಲ್ಲಿ ಮುಗಿಯದ ಸಂಗತಿಯನ್ನು ಅತ್ತೆಯ ಕಿವಿಯಲ್ಲಿ ಪಿಸುಗುಟ್ಟಬೇಕು, ಅವರು ಅದನ್ನು ಪಡಸಾಲೆಗೆ ಮುಟ್ಟಿಸುತ್ತಿದ್ದರು. ಮೊದಲ ತಿಂಗಳು ಉಸಿರು ಕಟ್ಟಿದ ಹಾಗಾಗಿ ಹಿತ್ತಲಿಗೆ ಹೋಗಿ ಕರುವಿನ ಜೊತೆ ಮಾತಾಡಿ ಬರುತ್ತಿದ್ದೆ. ಆಮೇಲೆ ರೂಢಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಳೆಯಲ್ಲೇ ಬೇಸರ, ಬಳೆಯಲ್ಲೇ ಅವಸರ ತೋರಿಸುವುದರಲ್ಲಿ ನನಗೆ ಸಣ್ಣ ಜಂಬವೂ ಬಂದಿತ್ತು. ನನ್ನ ಗಂಡ ಬಳ್ಳಾರಿಯ ಹತ್ತಿ ಗಿರಣಿಯಲ್ಲಿದ್ದರು, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗುವವರು. ಅವರೂ ಮಾತಿನಲ್ಲಿ ಬಲು ಜಿಪುಣರು.

ಈ ಮನೆಯಲ್ಲಿ ನನ್ನ ಮಗಳು ಬೆಳೆದಳು. ಸಿರುಗುಪ್ಪದಲ್ಲಿ ಹೆತ್ತು, ಐದು ತಿಂಗಳ ಕೂಸನ್ನು ಎತ್ತಿಕೊಂಡು ಕುರುಗೋಡಿಗೆ ಬಂದೆ. ಹಾಲೂಡಿಸುವಾಗ ಪಿಸುಮಾತು, ತೂಗುವಾಗ ಬರೀ ಗುನುಗು. ಅವಳಿಗೆ ನಡಿಗೆ ಬೇಗ ಬಂತು, ಕೈಯ ಚುರುಕೂ ಬೇಗ ಬಂತು. ಹಟ ಮಾಡುತ್ತಿರಲಿಲ್ಲ. ಮನೆಗೆ ಯಾರಾದರೂ ಬಂದರೆ ಬಾಗಿಲ ಸಂದಿನಲ್ಲಿ ಅರ್ಧ ಮುಖವಷ್ಟೇ ತೋರಿಸಿ ನಿಲ್ಲುತ್ತಿದ್ದಳು. ಬಂದವರು "ಎಂಥಾ ಸಂಭಾವಿತ ಕೂಸು, ಮೇಷ್ಟ್ರ ಮನಿ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ನಾವು ಹಿಗ್ಗುತ್ತಿದ್ದೆವು.

ಒಂದು ಪಂಚಮಿ ಹಬ್ಬಕ್ಕೆ ತವರಿಗೆ ಹೋಗಿದ್ದೆ. ಅವಳಿಗಾಗ ಎರಡು ವರ್ಷಕ್ಕೆ ಇನ್ನೂ ಕಡಿಮೆ. ಜೋಕಾಲಿಯ ಮೇಲೆ ನಿಂತು ತಂಗಿಯರ ಜೊತೆ ನಾನು ಕೂಗಿ ನಗುತ್ತಿದ್ದಾಗ ಮಗಳು ಓಡಿ ಬಂದಳು. ಕೆಳಗಿಳಿದು ಎತ್ತಿಕೊಂಡರೆ ತನ್ನ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. ಕೈ ತೆಗೆದೆ, ಮತ್ತೆ ಮುಚ್ಚಿದಳು. ಕಣ್ಣಲ್ಲಿ ಗಾಬರಿ. ನಮ್ಮಪ್ಪ ಬಿದ್ದು ಬಿದ್ದು ನಕ್ಕು, "ನನ್ನ ಕೈಲಿ ಆಗದ್ದು ಮೊಮ್ಮಗಳು ಮಾಡಿದ್ಲು" ಎಂದರು. ನಾನೂ ನಕ್ಕೆ. ನಾಲ್ಕು ದಿನ ಇದ್ದು ಕುರುಗೋಡಿಗೆ ಮರಳಿದೆ.

ಎರಡು ತುಂಬಿದ ಮೇಲೆ ನಮ್ಮ ಹಿಗ್ಗು ಇಳಿಯಿತು. ಓಣಿಯ ಅವಳ ವಾರಗೆಯ ಮಕ್ಕಳು ಚಟಪಟ ಮಾತಾಡುತ್ತಿದ್ದವು. ಅತ್ತೆ ಬಜೆ ತೇಯ್ದು ಜೇನಿನಲ್ಲಿ ಕಲಸಿ ನಾಲಿಗೆಗೆ ಹಚ್ಚಿದರು. ಗಿಳಿ ಕಚ್ಚಿದ ಪೇರಲಹಣ್ಣು ತಿನ್ನಿಸಿದರೆ ಮಾತು ಬರುತ್ತದೆ ಎಂದು ತೋಟ ತೋಟ ಅಲೆದು ಸೆರಗಿನಲ್ಲಿ ತಂದರು. ಹಲಕುಂದಿ ಮಠಕ್ಕೆ ಹೋಗಿ ಹರಕೆ ಹೊತ್ತು ಬಂದೆವು. ಮಾವ ಮಾತ್ರ ಇದನ್ನು ತಮ್ಮ ಕಸುಬಿನ ಸವಾಲು ಎಂದು ತೆಗೆದುಕೊಂಡರು. "ಸಾಲಿಗೆ ಹೋಗೋ ಮೊದಲ ಕೂಸು ಮನ್ಯಾಗ ಕಲೀಬೇಕು. ನಾ ಕಲಸ್ತೀನಿ" ಎಂದು ದಿನಾ ಬೆಳಿಗ್ಗೆ ಅವಳನ್ನು ಪಡಸಾಲೆಯಲ್ಲಿ ಕೂರಿಸಿಕೊಂಡರು.

ನಾನು ಬಾಗಿಲ ಮರೆಯಿಂದ ನೋಡುತ್ತಿದ್ದೆ. ಮುಂದೆ ಒಂದು ತಟ್ಟೆ ಮರಳು, ಒಂದು ಬಟ್ಟಲು ಹುಣಸೆ ಬೀಜ, ಹಳೆಯ ಚಿತ್ರಪಟ. ಮಾವ "ಹಸು ಎಲ್ಲೈತಿ?" ಎಂದರೆ ಅವಳ ಬೆರಳು ಹಸುವಿನ ಮೇಲೆ. "ಮೂರು ಬೀಜ ಕೊಡು" ಎಂದರೆ ಮೂರೇ ಬೀಜ. ಮರಳಿನಲ್ಲಿ ಗೆರೆ ಎಳೆದರೆ ಪಕ್ಕದಲ್ಲಿ ಅಂಥದೇ ಗೆರೆ. "ಇದೇನು? ಬಾಯಿಲೆ ಹೇಳು" ಎಂದರೆ ಮಾತ್ರ ಕಣ್ಣು ಕೆಳಗೆ ಹಾಕುತ್ತಿದ್ದಳು. ಮಾವ ಧ್ವನಿ ಏರಿಸಿ ಹೇಳಿದರು, ಇಳಿಸಿ ಹೇಳಿದರು, ಹಾಡಿ ಹೇಳಿದರು. ತಿಂಗಳುಗಟ್ಟಲೆ ಹೀಗೆ ನಡೆಯಿತು. ಒಂದು ದಿನ ಅವರು ಮರಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಮೂವತ್ತು ವರ್ಷದಾಗ ನನಗ ಹಿಂಗ ಆಗಿದ್ದಿಲ್ಲ" ಎಂದು ಅತ್ತೆಗೆ ಹೇಳಿದರು. ಆ ದೊಡ್ಡ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಕೊನೆಗೆ ಬಳ್ಳಾರಿಗೆ ಡಾಕ್ಟರ ಹತ್ತಿರ ಹೋಗುವುದೆಂದಾಯಿತು. ಗಂಡನಿಗೆ ಗಿರಣಿಯಲ್ಲಿ ರಜೆ ಸಿಗಲಿಲ್ಲ, ಮಾವನೇ ಹೊರಟರು. ಬಸ್ಸಿನಲ್ಲಿ ಅವರು ಮುಂದಿನ ಸೀಟು, ನಾನೂ ಮಗಳೂ ಹೆಂಗಸರ ಸೀಟು. ಬ್ರೂಸ್‌ಪೇಟೆಯ ಗಲ್ಲಿಯೊಂದರಲ್ಲಿ, ಕೆಳಗೆ ಅಂಗಡಿ, ಮೇಲೆ ಡಾಕ್ಟರಮ್ಮನ ದವಾಖಾನೆ. ನಡುವಯಸ್ಸಿನ ಹೆಂಗಸು, ಕಿವಿಯ ಹಿಂದೆ ಪೆನ್ಸಿಲು ಸಿಕ್ಕಿಸಿಕೊಂಡಿದ್ದರು. ಮಗಳನ್ನು ಮೇಜಿನ ಮೇಲೆ ಕೂರಿಸಿ ಗಂಟಲು ನೋಡಿದರು, ನಾಲಿಗೆ ಎತ್ತಿ ನೋಡಿದರು. ಬೆನ್ನ ಹಿಂದೆ ಚಮಚದಿಂದ ಬಟ್ಟಲು ಬಡಿದರು, ಅವಳು ತಿರುಗಿ ನೋಡಿದಳು. ಎಲ್ಲ ಮುಗಿಸಿ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ತಿರುಗಿದರು.

"ಕಿವಿ ಚಲೋ ಅದಾವು, ನಾಲಿಗಿ ಚಲೋ ಐತಿ. ಮನ್ಯಾಗ ಕೂಸಿನ ಕೂಡ ಬಾಳ ಹೊತ್ತು ಯಾರಿರ್ತೀರಿ?"

"ನಾನ ದಿನಾ ಎರಡು ತಾಸು ಪಾಠ ಹೇಳ್ತೀನ್ರಿ" ಎಂದರು ಮಾವ.

"ನಿಮ್ಮನ್ನ ಕೇಳ್ಲಿಲ್ರಿ ಮೇಷ್ಟ್ರ. ತಾಯೀನ್ನ ಕೇಳಿದೆ. ಏನಮ್ಮಾ, ನೀವ ಇರ್ತೀರೇನು?"

ಮಾವ ಎರಡು ಮಾರು ದೂರದಲ್ಲಿ ಕುಳಿತಿದ್ದರು. ನಾನು ಸೆರಗು ಮುಂದೆಳೆದುಕೊಂಡು ಬಳೆ ಒಂದು ಸಲ ಆಡಿಸಿದೆ.

ಮೇಜಿನ ಮೇಲಿಂದ ಇನ್ನೊಂದು ಸದ್ದು ಬಂತು. ಮಗಳು ತನ್ನ ಪುಟ್ಟ ಹಸಿರು ಬಳೆಗಳನ್ನು ಒಂದು ಸಲ ಆಡಿಸಿದ್ದಳು.

ಡಾಕ್ಟರಮ್ಮ ಅವಳನ್ನು ನೋಡಿದರು, ನನ್ನನ್ನು ನೋಡಿದರು. ಕುರ್ಚಿ ಎಳೆದುಕೊಂಡು ಕುಳಿತು ನಿಧಾನವಾಗಿ ಕೇಳಿದರು: "ಮನ್ಯಾಗ ನೀವು ಮಾತಾಡಂಗಿಲ್ಲೇನು?"

ನಾನು ಬಳೆ ಎರಡು ಸಲ ಆಡಿಸಿದೆ. ಮಗಳು ನನ್ನ ಕೈಯನ್ನೇ ನೋಡುತ್ತಿದ್ದವಳು ತಾನೂ ಎರಡು ಸಲ ಆಡಿಸಿದಳು. ಆಡಿಸಿ, ತಲೆಯ ಮೇಲೆ ಇಲ್ಲದ ಸೆರಗನ್ನು ಎರಡು ಬೆರಳಿನಿಂದ ಮುಂದಕ್ಕೆ ಎಳೆದುಕೊಂಡಳು. ಮುಖವನ್ನು ನನ್ನ ಹಾಗೆಯೇ ಎಡಕ್ಕೆ ಇಷ್ಟೇ ಇಷ್ಟು ತಿರುಗಿಸಿದಳು.

ನನ್ನ ಮೈ ಜುಮ್ಮೆಂದಿತು. ಆ ಗಳಿಗೆಯನ್ನು ನೆನೆದರೆ ಇವತ್ತೂ ಜುಮ್ಮೆನ್ನುತ್ತದೆ. ನಾವೆಲ್ಲ ಸೇರಿ ಕಲಿಸಲು ಹೆಣಗಿದ್ದು ಯಾವುದೂ ಅವಳಿಗೆ ಹತ್ತಿರಲಿಲ್ಲ ಎಂದುಕೊಂಡಿದ್ದೆವು. ಅವಳು ಕಲಿತು ಮುಗಿಸಿಬಿಟ್ಟಿದ್ದಳು. ಯಾವಾಗ ಬಾಗಿಲ ಮರೆಗೆ ಸರಿಯಬೇಕು, ಎಷ್ಟು ಮುಖ ತೋರಿಸಬೇಕು, ಯಾರು ಬಂದರೆ ಕಣ್ಣು ಕೆಳಗಿಡಬೇಕು, ಹೌದಿಗೆ ಎಷ್ಟು, ಇಲ್ಲಕ್ಕೆ ಎಷ್ಟು. ನಾನು ಮದುವೆಯಾಗಿ ಬಂದ ಮೇಲೆ ಅತ್ತೆಯಿಂದ ಹೇಳಿಸಿಕೊಂಡು, ತಪ್ಪಿ, ಬೈಸಿಕೊಂಡು ಆರು ತಿಂಗಳಲ್ಲಿ ಕಲಿತದ್ದನ್ನು ಆ ಕೂಸು ಯಾರೂ ಒಂದಕ್ಷರ ಹೇಳದೆ ಬರೀ ನೋಡಿ ಕಲಿತಿತ್ತು. ಹೆಣ್ಣು ಎಂದರೆ ಹೀಗಿರುವುದು ಎಂದು ತಿಳಿದಿತ್ತು. ಸಿರುಗುಪ್ಪದಲ್ಲಿ ನನ್ನ ಬಾಯಿ ಮುಚ್ಚಿದ್ದು ತುಂಟತನವಲ್ಲ, ತಪ್ಪು ಮಾಡುತ್ತಿರುವ ಅಮ್ಮನನ್ನು ಕಾಪಾಡಲು. ಇಷ್ಟು ಸಣ್ಣ ತಲೆಯೊಳಗೆ ಇಷ್ಟೆಲ್ಲ ಹೇಗೆ ಹಿಡಿಯಿತು ಎಂದು ನಾನು ಬೆರಗಾಗಿ ಕುಳಿತೆ, ಬೆರಗಿನ ಜೊತೆಗೇ ಅಳು ಬಂತು.

ಡಾಕ್ಟರಮ್ಮ ಮಾವನಿಗೆ, "ನೀವೊಂದೀಟು ಹೊರಗ ಕುಂದರ್ರಿ" ಎಂದರು. ಅವರು ಎದ್ದು ಹೋದ ಮೇಲೆ ನನ್ನ ಮಾತು ಕಟ್ಟೆಯೊಡೆಯಿತು. ಚಿಲಕ, ಬಳೆ, ಪಿಸುಮಾತು, ಎಲ್ಲ ಹೇಳಿದೆ. ಮಗಳು ಬಾಗಿಲ ಕಡೆ ನೋಡುತ್ತ, ನನ್ನ ಕಡೆ ನೋಡುತ್ತ ಚಡಪಡಿಸಿದಳು. ಡಾಕ್ಟರಮ್ಮ ಮಾವನನ್ನು ಮತ್ತೆ ಒಳಗೆ ಕರೆದು ಹೇಳಿದ್ದು ಇಷ್ಟೇ: "ಈಕಿಗೆ ಔಷಧ ಬ್ಯಾಡ. ನೋಡಿದ್ದನ್ನ ಕಲಿಯೋದ್ರಾಗ ಇಂಥಾ ಚುರುಕು ಕೂಸು ನಾ ಕಂಡಿಲ್ಲ. ಆಕಿ ತಾಯಿ ಬಾಯಿ ಬಿಡೂ ತನಕ ಆಕೀನೂ ಬಿಡಂಗಿಲ್ಲ."

ಬಸ್ಸಿನಲ್ಲಿ ಮಾವ ಕಿಟಕಿಯಾಚೆ ನೋಡುತ್ತಲೇ ಇದ್ದರು. ಮರುದಿನ ಬೆಳಿಗ್ಗೆ ಅವರು ಮರಳಿನ ತಟ್ಟೆ ತೆಗೆಯಲಿಲ್ಲ. ಎದ್ದು ಅಡುಗೆಮನೆಯ ಹೊಸ್ತಿಲವರೆಗೆ ಬಂದರು. ನಾನು ಬಂದ ಮೇಲೆ ಅವರು ಅಲ್ಲಿಯವರೆಗೆ ಬಂದದ್ದು ಅದೇ ಮೊದಲು. ನಾನು ಎದ್ದು ಗೋಡೆಗೆ ಒತ್ತಿ ನಿಂತೆ.

"ಅವ್ವಾ, ಇವತ್ತಿನಿಂದ ನೀ ಮಾತಾಡು" ಎಂದರು. "ನಾ ಇಲ್ಲದಾಗಲ್ಲ, ನಾ ಇದ್ದಾಗ ಮಾತಾಡು. ಈ ಕೂಸು ನೋಡೋದು ಅದನ್ನ."

ಅತ್ತೆ ಒಲೆಯ ಮುಂದಿನಿಂದ, "ಮಂದಿ ಏನಂದಾರು?" ಎಂದರು.

"ಮಂದಿ ಈಗ ಏನಂತಾರ ಗೊತ್ತೈತಿಲ್ಲೋ ನಿನಗ? ಮೂಗಿ ಅಂತಾರ. ಅದಕ್ಕಿಂತ ಏನಂದಾರು?" ಎಂದು ಮಾವ ಕುರ್ಚಿಗೆ ಮರಳಿದರು. ಅತ್ತೆ ಮತ್ತೆ ರೊಟ್ಟಿ ಬಡಿಯತೊಡಗಿದರು.

ಅಪ್ಪಣೆಯೇನೋ ಸಿಕ್ಕಿತು, ಧ್ವನಿ ಬರಬೇಕಲ್ಲ. ಸಿರುಗುಪ್ಪದ ಬಾಯಿಬಡುಕಿಗೆ ಬಾಯಿ ಏಳಲಿಲ್ಲ. ಇವತ್ತು ಚಾ ಕೊಡುವಾಗ 'ತಗೊಳ್ರಿ' ಎನ್ನುತ್ತೇನೆ ಎಂದು ಮನಸ್ಸಿನಲ್ಲೇ ಹತ್ತು ಸಲ ಹೇಳಿಕೊಂಡು ಹೋದರೂ ಪಡಸಾಲೆಯ ಬಾಗಿಲಲ್ಲಿ ಆ ಮಾತು ಹೊರಡುತ್ತಿರಲಿಲ್ಲ. ಕೈ ತಾನಾಗಿ ಚಿಲಕಕ್ಕೆ ಹೋಗುತ್ತಿತ್ತು. ನನ್ನ ಮೇಲೆ ನನಗೇ ಸಿಟ್ಟು. ಕೂಸಿನ ಬಾಳು ನನ್ನ ಒಂದು ಮಾತಿನ ಮೇಲೆ ನಿಂತಿದೆ, ಅದನ್ನು ಆಡಲು ನನ್ನಿಂದ ಆಗುತ್ತಿಲ್ಲ. ಎಂಟು ದಿನ ಹೀಗೆಯೇ ಹೋದವು.

ಒಂಬತ್ತನೆಯ ದಿನ ನನ್ನ ಬಾಯಿ ಬಿಡಿಸಿದ್ದು ಒಂದು ಕಾಗೆ. ಅಂಗಳದಲ್ಲಿ ಸೀರೆ ಹಾಸಿ ಸಂಡಿಗೆ ಒಣಗಲು ಇಟ್ಟಿದ್ದೆವು. ಮಾವ ಪಡಸಾಲೆಯ ಬಾಗಿಲಲ್ಲಿ ಪೇಪರು ಓದುತ್ತ ಕಾವಲಿಗೆ ಕುಳಿತು ತೂಕಡಿಸುತ್ತಿದ್ದರು. ಕಾಗೆ ಸಂಡಿಗೆಯ ಮೇಲೆ ಇಳಿದದ್ದು ಒಳಗಿಂದ ಕಂಡಿತು. ಚಿಲಕ ಬಡಿದೆ, ಏಳಲಿಲ್ಲ. ಇನ್ನೊಂದು ಕಾಗೆ ಬಂತು. ಅತ್ತೆಯೂ ನಾನೂ ನಸುಕಿನಿಂದ ಸೊಂಟ ಮುರಿದು ಇಟ್ಟ ಸಂಡಿಗೆ ಅದು.

"ಮಾವಾರ, ಕಾಗಿ ನೋಡ್ರೀ, ಸಂಡಿಗಿ ತಿನ್ನಾಕತ್ತಾವು!"

ಗಿರಣಿಗೂ ಕೇಳುವಂಥ ನನ್ನ ಹಳೆಯ ಧ್ವನಿ. ಮಾವ ಬೆಚ್ಚಿ ಎದ್ದರು, ಪೇಪರು ಬೀಸುತ್ತ ಅಂಗಳಕ್ಕೆ ಧಾವಿಸಿದರು. ಕಾಗೆ ಹಾರಿದವು. ನನ್ನ ಪಕ್ಕದಲ್ಲಿದ್ದ ಮಗಳು ಕಲ್ಲಾಗಿ ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ತಾತನ ಮುಖ ನೋಡುತ್ತಿದ್ದಳು. ಅಮ್ಮನಿಗೆ ಈಗ ಏನಾಗುತ್ತದೆ ಎಂದು ಕಾಯುತ್ತಿದ್ದಳು. ಮಾವ ತಿರುಗಿ ಬಂದವರು ಅವಳ ಕಣ್ಣು ನೋಡಿದರು, ಅವರಿಗೆ ಅರ್ಥವಾಯಿತು. ಏದುಸಿರು ಬಿಡುತ್ತಲೇ ನಕ್ಕು, "ಚಲೋ ಆತವ್ವಾ ನೀ ಹೇಳಿದ್ದು" ಎಂದರು.

ಆ ಮೇಲೆ ನನ್ನನ್ನು ಹಿಡಿಯುವವರು ಇರಲಿಲ್ಲ. ಹಿಟ್ಟು ನಾದುವಾಗ, ಬೇಳೆ ಆರಿಸುವಾಗ, ಅವಳ ತಲೆ ಬಾಚುವಾಗ, ಮಾಡುವ ಕೆಲಸವನ್ನೆಲ್ಲ ಬಾಯಲ್ಲಿ ಹೇಳುತ್ತ ಮಾಡಿದೆ. "ಇದು ಜ್ವಾಳದ ಹಿಟ್ಟು, ಇದಕ್ಕ ಬಿಸಿನೀರು ಹಾಕ್ಬೇಕು, ನೀ ಮುಟ್ಟಬ್ಯಾಡ, ಬಿಸಿ ಐತಿ." ಹದಿನೈದು ದಿನ ಕಳೆದಿರಬೇಕು, ಒಂದು ಬೆಳಿಗ್ಗೆ ಹಂಚಿನ ಕಡೆ ಬೆರಳು ತೋರಿಸಿ ಅವಳು "ಬಿಸಿ" ಎಂದಳು. ಉಸಿರಿನಲ್ಲಿ ಎಂದಳು, ನಾನು ಮೊದಲು ಪಿಸುಗುಡುತ್ತಿದ್ದೆನಲ್ಲ, ಹಾಗೆ. ಅತ್ತೆ ಹಿಟ್ಟಿನ ಕೈಯಲ್ಲೇ ಅವಳನ್ನು ಎಳೆದು ತಬ್ಬಿಕೊಂಡು ಅತ್ತರು. ಆಮೇಲೆ ನೀರು, ಉಪ್ಪು, ಕಾಗಿ, ಅಮ್ಮ ಎಂದು ದಿನಕ್ಕೊಂದು ಮಾತು ಬಂತು. ಎಲ್ಲ ಅಡುಗೆಮನೆಯಲ್ಲಿ, ಎಲ್ಲ ಪಿಸುದನಿಯಲ್ಲಿ. ಪಡಸಾಲೆಗೆ ಕಾಲಿಟ್ಟರೆ ಬಾಯಿ ಮುಚ್ಚುತ್ತಿತ್ತು.

ಮಾವ ಅದನ್ನೂ ಸಹಿಸಿದರು. ಅವಳ ಮಾತು ಕೇಳಲು ಅವರು ಮಾಡಿದ ಉಪಾಯ ನೋಡಿ ನನಗೆ ನಗಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ. ಒಂದು ದಿನ ನೀರಿನ ಕೊಡ ತರಲು ಹೊರಬಂದೆ. ಅಷ್ಟೆತ್ತರದ ಆ ಮನುಷ್ಯ ಅಡುಗೆಮನೆಯ ಬಾಗಿಲ ಮರೆಯಲ್ಲಿ, ಒಳಗೆ ನಾನು ನಿಲ್ಲುತ್ತಿದ್ದ ಜಾಗದ ಈಚೆ ಬದಿಗೆ, ನನ್ನ ಹಾಗೆಯೇ, ಗೋಡೆಗೆ ಅಂಟಿಕೊಂಡು ಉಸಿರು ಬಿಗಿಹಿಡಿದು ನಿಂತಿದ್ದರು. ನನ್ನನ್ನು ಕಂಡು ಬೆರಳು ತುಟಿಯ ಮೇಲಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದರು. ಒಳಗೆ ಅವಳು ಅಜ್ಜಿಗೆ 'ಉಪ್ಪು, ಉಪ್ಪು' ಎನ್ನುತ್ತಿದ್ದಳು. ಅವರ ಕಣ್ಣು ತುಂಬಿದ್ದವು. ಬಾಗಿಲ ಮರೆಯಲ್ಲಿ ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೂ ಅವತ್ತು ತಿಳಿದಿರಬೇಕು.

ದಸರೆ ಮುಗಿದ ಮೇಲಿನ ಒಂದು ಮಧ್ಯಾಹ್ನ. ತವರಿನಿಂದ ಹೊಸ ಅಕ್ಕಿ ಬಂದಿತ್ತು. ಪಡಸಾಲೆಯಲ್ಲಿ ಬೆಳಕು ಚೆನ್ನಾಗಿರುತ್ತದೆಂದು ಮೊರ ತಂದು ಅಲ್ಲೇ ಕುಳಿತು ಕಲ್ಲು ಆರಿಸುತ್ತಿದ್ದೆ. ಮಗಳು ನನ್ನ ತೊಡೆಗೆ ಒರಗಿ ಕಲ್ಲು ಹುಡುಕುತ್ತಿದ್ದಳು. ಮಾವ ಕುರ್ಚಿಯಲ್ಲಿದ್ದರು. ನಾನು ಅವಳಿಗೆ ಸಿರುಗುಪ್ಪದ ಗದ್ದೆಯ ಕಥೆ ಹೇಳುತ್ತಿದ್ದೆ. "ನಮ್ಮೂರ ಗದ್ದಿಗೆ ಹೊಳಿ ನೀರು ಬರತೈತಿ. ಆ ಹೊಳಿ ಹಂಪಿ ಗುಡ್ಡದಾಗ ಹುಟ್ಟಿ, ಕಲ್ಲು ಹಾರಿ, ಕುಣಿದು ನಮ್ಮೂರಿಗೆ ಬರತೈತಿ" ಎಂದೆ. ತುಂಗಭದ್ರೆ ಎಲ್ಲಿ ಹುಟ್ಟುತ್ತದೆ ಎಂದು ನನಗೂ ಗೊತ್ತಿತ್ತು. ಕಥೆಗೆ ಅಷ್ಟು ಸಾಕು ಎಂದುಕೊಂಡಿದ್ದೆ. ಮೂವತ್ತು ವರ್ಷ ಪಾಠ ಹೇಳಿದ ಜೀವ ಕೇಳೀತೇ?

"ಹಂಗಲ್ಲವ್ವಾ" ಎಂದು ಮಾವ ಶುರುಮಾಡಿದರು, ಶಾಲೆಯ ದೊಡ್ಡ ಧ್ವನಿಯಲ್ಲಿ. "ಆ ನದಿ ಹಂಪಿಯಾಗ ಹುಟ್ಟೂದಿಲ್ಲ. ತುಂಗಾ ಬ್ಯಾರೆ, ಭದ್ರಾ ಬ್ಯಾರೆ. ಎರಡೂ ಮಲೆನಾಡಿನಾಗ..."

ನಾನು ಹಳೆಯ ರೂಢಿಯಂತೆ ತಟ್ಟನೆ ಬಾಯಿ ಮುಚ್ಚಿದೆ. ಮಗಳು ನನ್ನ ಮುಖ ನೋಡಿದಳು. ಎದ್ದು ನಿಂತಳು. ಎರಡು ಹೆಜ್ಜೆ ಕುರ್ಚಿಯ ಕಡೆ ಹೋಗಿ, ಪಿಸುದನಿಯಲ್ಲಲ್ಲ, ಓಣಿಗೆ ಕೇಳುವ ಹಾಗೆ, ಸಿರುಗುಪ್ಪದ ಗಂಟಲಿನಲ್ಲಿ ಹೇಳಿದಳು:

"ತಾತಾ, ಸುಮ್ನಿರು. ಅಮ್ಮ ಮಾತಾಡಾಕತ್ತಾಳ."

ಮೂರು ತಾಲೂಕಿನ ಹುಡುಗರನ್ನು ಸುಮ್ಮನಿರಿಸಿದ್ದ ಮೇಷ್ಟ್ರು ತೆರೆದ ಬಾಯನ್ನು ಹಾಗೆಯೇ ಮುಚ್ಚಿದರು. ಕೈಕಟ್ಟಿ ಕುಳಿತರು. ಅಡುಗೆಮನೆಯಲ್ಲಿ ಅತ್ತೆ ಗಟ್ಟಿಯಾಗಿ ನಕ್ಕದ್ದು ಕೇಳಿಸಿತು. ಗಂಡನ ಕಿವಿಗೆ ಬೀಳುವಂತೆ ಅವರು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಗಳು ಬಂದು ನನ್ನ ಪಕ್ಕದಲ್ಲಿ ಕುಳಿತು ಕಾದಳು. ನಾನು ಮಾವನ ಕಡೆಗೇ ತಿರುಗಿ, ಹೊಳೆ ಹಂಪಿಯಿಂದ ನಮ್ಮೂರಿಗೆ ಬಂದ ಕಥೆಯನ್ನು ಪೂರ್ತಿ ಹೇಳಿದೆ.